ಹೇಳಿದ ಬಾಯಿ, ಕೇಳಿದ ಕಿವಿ



ಕನ್ನಡ ಮಾಧ್ಯಮದಲ್ಲಿ ಓದಿ ಹೈಸ್ಕೂಲು ದಾಟಿದ ಯಾರೂ ‘ಚೇಂಜ್ ದ ವಾಯ್ಸ್’ ಎಂಬ ಪ್ರಶ್ನೆಯನ್ನು ಮರೆತಿರಲಾರರು. ರಾಮ ಹಾವನ್ನು ಕೊಂದ, ಹಾವು ರಾಮನಿಂದ ಕೊಲ್ಲಲ್ಪಟ್ಟಿತು, ಅಂಕ ಖಾತ್ರಿ. ಆ ಅಭ್ಯಾಸದ ಕೊನೆಗೆ ಬರುವ ಒಂದೆರಡು ವಾಕ್ಯಗಳು ಮಾತ್ರ ಸ್ವಲ್ಪ ಮೊಂಡು. ‘ಪೀಪಲ್ ಸೇ ದಟ್ ಹೀ ಈಸ್ ರಿಚ್.’ ಇದಕ್ಕೆ ಮೇಷ್ಟ್ರು ಎರಡು ಉತ್ತರ ಬರೆಸುತ್ತಿದ್ದರು. ‘ಇಟ್ ಈಸ್ ಸೆಡ್ ದಟ್ ಹೀ ಈಸ್ ರಿಚ್’ ಒಂದು, ‘ಹೀ ಈಸ್ ಸೆಡ್ ಟು ಬಿ ರಿಚ್’ ಇನ್ನೊಂದು. ಯಾವುದನ್ನು ಬರೆದರೂ ಸರಿ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಇಂದಿನ ನನ್ನ ಮಾತು ಆ ಎರಡನೆಯ ಉತ್ತರದ ಕುರಿತು. ಇಂಗ್ಲಿಷಿನವರು ತಾವು ಕಣ್ಣಾರೆ ಕಾಣದ್ದನ್ನು, ಯಾರೋ ಹೇಳಿದ್ದನ್ನು ಮುಂದಕ್ಕೆ ದಾಟಿಸಲು ಕರ್ಮಣಿ ಪ್ರಯೋಗವನ್ನು ಹೇಗೆ ದುಡಿಸಿಕೊಂಡಿದ್ದಾರೆ, ಅದರಿಂದ ಅವರಿಗೇನಾಗಿದೆ, ಆ ಭಾಷೆಯ ಸುದ್ದಿಯನ್ನು ದಿನವೂ ಕನ್ನಡಿಸಿಕೊಳ್ಳುವ ನಮಗೇನಾಗಿದೆ ಎಂಬುದು ವಿಷಯ.

ಆ ವಾಕ್ಯದಲ್ಲಿ ಒಂದು ವಿಚಿತ್ರವಿದೆ. ಕರ್ತರಿಯಿಂದ ಕರ್ಮಣಿಗೆ ಹೋದವರು ಬಂದ ದಾರಿಯಲ್ಲೇ ಹಿಂದಿರುಗಬಹುದು ಎಂದು ನಮಗೆ ಕಲಿಸಿದ್ದರು. ‘ಹೀ ಈಸ್ ಸೆಡ್ ಟು ಬಿ ರಿಚ್’ ಎಂಬುದನ್ನು ಹಾಗೆ ಹಿಂದಕ್ಕೆ ತಿರುಗಿಸಿ ನೋಡಿ: ‘ದೇ ಸೇ ಹಿಮ್ ಟು ಬಿ ರಿಚ್’ ಎಂದಾಗುತ್ತದೆ. ಇಂಗ್ಲಿಷ್ ಬಲ್ಲ ಯಾರ ಬಾಯಲ್ಲೂ ಅದು ಬರುವುದಿಲ್ಲ. ಅಂದರೆ ಇದು ಯಾವ ಕರ್ತರಿ ವಾಕ್ಯದಿಂದಲೂ ಹುಟ್ಟಿದ್ದಲ್ಲ, ತನ್ನಷ್ಟಕ್ಕೆ ತಾನೇ ನಿಂತಿರುವ ಪ್ರಯೋಗ. ‘ರೂಮರ್ಡ್’ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ. ಮಂತ್ರಿ ರಾಜೀನಾಮೆ ಕೊಡಲಿದ್ದಾರೆ ಎಂದು ‘ಈಸ್ ರೂಮರ್ಡ್’ ಎನ್ನಬಹುದು. ಇಂಥವನೇ ಅದನ್ನು ‘ರೂಮರ್’ ಮಾಡಿದ ಎಂದು ಕರ್ತೃವನ್ನು ಕೂಡಿಸಿ ಹೇಳುವ ಅಭ್ಯಾಸ ಇಂದಿನ ಇಂಗ್ಲಿಷಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ‘ರೆಪ್ಯೂಟೆಡ್’ ಕೂಡ ಹಾಗೆಯೇ. ಕ್ರಿಯೆ ಉಂಟು, ಮಾಡಿದವನಿಗೆ ವ್ಯಾಕರಣದಲ್ಲಿ ಜಾಗವೇ ಇಲ್ಲ! ಡರ್ಕ್ ನೋಯೆಲ್ ಎಂಬ ಭಾಷಾಶಾಸ್ತ್ರಜ್ಞರು 2001ರ ಒಂದು ಲೇಖನದಲ್ಲಿ ಇಂಥ ಪ್ರಯೋಗಗಳನ್ನು ಕರ್ಮಣಿ ಎಂದು ನೋಡುವುದಕ್ಕಿಂತ, ಮಾಹಿತಿ ಎಲ್ಲಿಂದ ಬಂತೆಂದು ಸೂಚಿಸುವ ವ್ಯಾಕರಣದ ಗುರುತುಗಳಾಗಿ ನೋಡಬಹುದೆಂದು ವಾದಿಸಿದರು. ನನಗೆ ಆ ವಾದ ಒಪ್ಪಿಗೆ. ‘ಸಪೋಸ್ಡ್ ಟು’ ಎಂಬ ಅವುಗಳ ಅಣ್ಣನನ್ನು ನೋಡಿದರೆ ಸಾಕು. ‘ಜನ ಹಾಗೆಂದುಕೊಂಡಿದ್ದಾರೆ’ ಎಂಬ ಅರ್ಥದಲ್ಲಿ ಶುರುವಾದದ್ದು ಈಗ ‘ಒಂಬತ್ತಕ್ಕೆ ನೀನು ಇಲ್ಲಿರಬೇಕಿತ್ತು’ ಎಂದು ಗದರಿಸುವ ಮಟ್ಟಕ್ಕೆ ಬಂದಿದೆ. ಯಾರು ಅಂದುಕೊಂಡರು ಎಂಬ ಪ್ರಶ್ನೆ ಅಲ್ಲಿ ಪೂರ್ತಿ ಸತ್ತುಹೋಗಿದೆ.

ಮಾಹಿತಿಯ ಮೂಲವನ್ನು ಕ್ರಿಯಾಪದದಲ್ಲೇ ಹೇಳಲೇಬೇಕಾದ ಭಾಷೆಗಳಿವೆ. ಕೊಲಂಬಿಯಾ–ಬ್ರೆಜಿಲ್ ಗಡಿಯ ತುಯುಕಾ ಭಾಷೆಯಲ್ಲಿ ಕಂಡದ್ದಕ್ಕೆ, ಕೇಳಿಸಿದ್ದಕ್ಕೆ ಅಥವಾ ಬೇರೆ ಇಂದ್ರಿಯಕ್ಕೆ ಗೋಚರವಾದದ್ದಕ್ಕೆ, ಕುರುಹಿನಿಂದ ತಿಳಿದದ್ದಕ್ಕೆ, ಇನ್ನೊಬ್ಬರಿಂದ ಗೊತ್ತಾದದ್ದಕ್ಕೆ, ಹೀಗಿರಬೇಕೆಂದು ಊಹಿಸಿದ್ದಕ್ಕೆ ಬೇರೆ ಬೇರೆ ಪ್ರತ್ಯಯಗಳು; ಯಾವುದೋ ಒಂದನ್ನು ಹಚ್ಚದೆ ವಾಕ್ಯ ಮುಗಿಯುವುದಿಲ್ಲ. ತುರ್ಕಿಯವರಿಗೂ ತಾವು ಕಾಣದ ಘಟನೆಗೆಂದೇ ಒಂದು ಭೂತಕಾಲವಿದೆ. ಇಂಗ್ಲಿಷಿನಲ್ಲಿ ಇಂಥ ಕಡ್ಡಾಯವಿಲ್ಲ. ಬೇಕಾದವನು ಹಚ್ಚುತ್ತಾನೆ, ಬೇಡವಾದಾಗ ಕಿತ್ತುಹಾಕುತ್ತಾನೆ. ಮುಂದೆ ಹೇಳಲಿರುವ ಅನಾಹುತಗಳಲ್ಲಿ ಒಂದೆರಡು ಹುಟ್ಟಿದ್ದು ಈ ಕಿತ್ತುಹಾಕುವ ಸೌಕರ್ಯದಿಂದಲೇ.

ಯಾವ ವದಂತಿಗಾದರೂ ಎರಡು ಅಂಗ ಬೇಕು. ಹೇಳಿದ ಬಾಯಿ ಒಂದು. ಅದನ್ನು ಕೇಳಿ ಈಗ ನಮಗೆ ತಲುಪಿಸುತ್ತಿರುವ ಕಿವಿ ಇನ್ನೊಂದು. ನಮ್ಮ ‘ಅಂತೆ’ ಮೊದಲನೆಯದನ್ನು ಮುಚ್ಚಿಡುತ್ತದೆ, ಎರಡನೆಯದನ್ನು ಮುಚ್ಚುವುದಿಲ್ಲ. ‘ಆ ಮೂಲೆ ಮನೆಯವರು ಸೈಟು ಮಾರಿದರಂತೆ’ ಎಂದು ಪಕ್ಕದ ಮನೆಯಾಕೆ ಹೇಳಿದಾಗ ಆಕೆಗೆ ಯಾರು ಹೇಳಿದರೋ ತಿಳಿಯದು. ಕೇಳಿಸಿಕೊಂಡ ಆಕೆ ಮಾತ್ರ ಕಾಂಪೌಂಡಿನಾಚೆ ನಿಂತೇ ಇದ್ದಾಳೆ. ಆದ್ದರಿಂದಲೇ ‘ಯಾರಂದ್ರು ನಿಮಗೆ?’ ಎಂದು ನಾವು ಮುಲಾಜಿಲ್ಲದೆ ಕೇಳುತ್ತೇವೆ, ಆಕೆಯೂ ಬೇಸರಪಡದೆ ‘ಹಾಲಿನವನು ಹೇಳ್ತಿದ್ದ’ ಎನ್ನುತ್ತಾಳೆ. ಇಂಗ್ಲಿಷಿನಲ್ಲೂ ಇಂಥ ಪ್ರಯೋಗಗಳಿವೆ. ‘ಐ ಹಿಯರ್’, ‘ಐ ಗ್ಯಾದರ್’, ‘ಐ ಆಮ್ ಟೋಲ್ಡ್’. ಕೊನೆಯದನ್ನು ಗಮನಿಸಿ, ಅದೂ ಕರ್ಮಣಿಯೇ. ಹೇಳಿದವನು ಕಾಣೆಯಾಗಿದ್ದಾನೆ, ಕೇಳಿದ ‘ಐ’ ಮುಂದಿನ ಸಾಲಿನಲ್ಲೇ ಕೂತಿದೆ. ‘ಇಟ್ ಈಸ್ ಸೆಡ್’ ಎಂಬಲ್ಲಿ ಬಾಯೂ ಇಲ್ಲ, ಕಿವಿಯೂ ಇಲ್ಲ. ಯಾರೋ ಹೇಳಿದರು, ಯಾರೂ ಕೇಳಲಿಲ್ಲ, ಆದರೂ ಸುದ್ದಿ ನಮ್ಮ ಮುಂದಿದೆ. ಈ ಪ್ರಯೋಗ ಹೇಳಿದವನನ್ನು ಅಡಗಿಸುತ್ತದೆಂದು ಎಲ್ಲರೂ ದೂರುತ್ತಾರೆ. ನನ್ನ ತಕರಾರು ಬೇರೆ. ಅದು ಅಡಗಿಸುವುದು ಮುಖ್ಯವಾಗಿ ಕೇಳಿದವನನ್ನು, ಅಂದರೆ ಈಗ ಬರೆಯುತ್ತಿರುವವನನ್ನೇ.

ಕೇಳಿದವನನ್ನು ಹಿಡಿದು ನಿಲ್ಲಿಸುವುದು ಎಷ್ಟು ಅಗತ್ಯವೆಂಬುದು ಇಂಗ್ಲಿಷರಿಗೆ ಗೊತ್ತಿರಲಿಲ್ಲವೆಂದಲ್ಲ. ಷೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿಯ ಎರಡನೆಯ ಭಾಗ ತೆರೆದುಕೊಳ್ಳುವುದೇ ವದಂತಿ ಎಂಬ ಪಾತ್ರದ ಪ್ರವೇಶದಿಂದ. ಮೈತುಂಬ ನಾಲಗೆಗಳನ್ನು ಬರೆದುಕೊಂಡು ಅದು ರಂಗಕ್ಕೆ ಬರಬೇಕೆಂದು ನಾಟಕಕಾರ ಸೂಚಿಸಿದ್ದಾನೆ. ಕಿವಿಗಳನ್ನಲ್ಲ, ನಾಲಗೆಗಳನ್ನು. 1403ರ ಶ್ರೂಸ್‌ಬರಿ ಕಾಳಗದಲ್ಲಿ ಬಂಡುಕೋರರು ಸೋತಿದ್ದಾರೆ, ಅವರ ತರುಣ ನಾಯಕ ಹಾಟ್‌ಸ್ಪರ್ ಸತ್ತಿದ್ದಾನೆ. ದೂರದ ಕೋಟೆಯಲ್ಲಿ ಕಾಯಿಲೆಯ ನೆವ ಮಾಡಿಕೊಂಡು ಉಳಿದಿರುವ ಅವನ ತಂದೆ ನಾರ್ಥಂಬರ್‌ಲೆಂಡಿಗೆ ಸುದ್ದಿ ಇನ್ನೂ ತಲುಪಿಲ್ಲ. ಮೊದಲು ಬರುವವನು ಲಾರ್ಡ್ ಬಾರ್ಡಾಲ್ಫ್. ಖಚಿತ ಸುದ್ದಿ ತಂದಿದ್ದೇನೆ, ನಿಮ್ಮ ಮಗ ಗೆದ್ದ, ಎನ್ನುತ್ತಾನೆ. ಮುದುಕ ಸಂತೋಷಪಟ್ಟು ಕೂರುವುದಿಲ್ಲ. ಇದು ನಿನಗೆ ಹೇಗೆ ತಿಳಿಯಿತು, ನೀನು ರಣರಂಗವನ್ನು ಕಂಡೆಯಾ, ಶ್ರೂಸ್‌ಬರಿಯಿಂದಲೇ ಬಂದೆಯಾ ಎಂದು ಸಾಲಾಗಿ ಕೇಳುತ್ತಾನೆ. ಇಲ್ಲ, ಅಲ್ಲಿಂದ ಬಂದ ಒಬ್ಬ ಸದ್ಗೃಹಸ್ಥನೊಡನೆ ಮಾತಾಡಿದೆ ಎಂಬುದು ಉತ್ತರ. ಆಮೇಲೆ ಟ್ರಾವರ್ಸ್ ಬರುತ್ತಾನೆ. ಅವನಿಗೆ ದಾರಿಯಲ್ಲಿ ಸುಸ್ತಾದ ಕುದುರೆ ಸವಾರನೊಬ್ಬ ಸಿಕ್ಕಿ, ಬಂಡಾಯಕ್ಕೆ ಸೋಲಾಯಿತೆಂದು ಹೇಳಿ ಓಡಿಹೋಗಿದ್ದಾನೆ. ಮೂರನೆಯವನು ಮಾರ್ಟನ್, ಶ್ರೂಸ್‌ಬರಿಯಿಂದಲೇ ಓಡಿಬಂದವನು. ಅವನು ಬಾಯಿ ತೆರೆಯುವ ಮೊದಲೇ ಅವನ ಮುಖ ನೋಡಿ ತಂದೆಗೆ ವಿಷಯ ಗೊತ್ತಾಗುತ್ತದೆ. ಆಗಲೂ ಬಾರ್ಡಾಲ್ಫ್ ನಿಮ್ಮ ಮಗ ಸತ್ತಿರಲಾರನೆಂದು ನಡುವೆ ಬಾಯಿ ಹಾಕುತ್ತಾನೆ. ಕೇಳಿದ ಸುದ್ದಿಯ ಮೇಲೆ ಇರುವ ವ್ಯಾಮೋಹ ಕಂಡವನ ಎದುರಿಗೂ ಬಿಡುವುದಿಲ್ಲವಲ್ಲ! ಸುದ್ದಿಮನೆಗೆ ಹೊಸದಾಗಿ ಸೇರುವವರಿಗೆ ಪಾಠ ಹೇಳಲು ನನಗೆ ಅಧಿಕಾರವಿದ್ದರೆ ಈ ಒಂದು ದೃಶ್ಯವನ್ನು ಓದಿಸುತ್ತಿದ್ದೆ.

ಆ ನಾಟಕ ಅಚ್ಚಾದದ್ದು 1600ರಲ್ಲಿ. ಮೂರೇ ವರ್ಷಗಳಲ್ಲಿ ಅದೇ ಪ್ರಶ್ನೆಯನ್ನು ಕೇಳದೆ ಒಬ್ಬನಿಗೆ ಮರಣದಂಡನೆ ವಿಧಿಸಲಾಯಿತು. ಸರ್ ವಾಲ್ಟರ್ ರಾಲಿಯ ಮೇಲೆ ಹೊಸ ಅರಸ ಜೇಮ್ಸನ ವಿರುದ್ಧ ಸಂಚು ಹೂಡಿದ ಆರೋಪ. ಲಂಡನ್ನಿನಲ್ಲಿ ಪ್ಲೇಗು ಇದ್ದುದರಿಂದ 1603ರ ನವೆಂಬರಿನಲ್ಲಿ ವಿಚಾರಣೆ ವಿಂಚೆಸ್ಟರಿನಲ್ಲಿ ನಡೆಯಿತು. ಸಾಕ್ಷ್ಯದ ತಿರುಳೆಲ್ಲ ಲಾರ್ಡ್ ಕೋಬಮ್ ಸೆರೆಯಲ್ಲಿದ್ದಾಗ ಕೊಟ್ಟ ಹೇಳಿಕೆ. ಕೋಬಮ್‌ನನ್ನು ನನ್ನೆದುರು ಕರೆತನ್ನಿ, ನನ್ನ ಮುಖ ನೋಡಿ ಹೇಳಲಿ, ಎಂದು ರಾಲಿ ಮತ್ತೆ ಮತ್ತೆ ಬೇಡಿದ. ಕರೆತರಲಿಲ್ಲ. ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ಕೊನೆಗೆ ಕರೆಸಿದ್ದು ಡಯರ್ ಎಂಬ ಹಡಗಿನ ಚುಕ್ಕಾಣಿಗನನ್ನು. ತಾನು ಲಿಸ್ಬನ್ನಿನಲ್ಲಿ ಒಬ್ಬ ವರ್ತಕನ ಮನೆಗೆ ಹೋಗಿದ್ದಾಗ ಅಲ್ಲಿದ್ದ ಪೋರ್ಚುಗೀಸ್ ಗೃಹಸ್ಥನೊಬ್ಬ ‘ನಿಮ್ಮ ಅರಸನಿಗೆ ಪಟ್ಟವಾಯಿತೆ?’ ಎಂದು ಕೇಳಿದನಂತೆ. ‘ಅವನಿಗೆಲ್ಲಿಯ ಪಟ್ಟ, ಅದಕ್ಕೆ ಮೊದಲೇ ರಾಲಿಯೂ ಕೋಬಮ್ಮೂ ಅವನ ಕತ್ತು ಕೊಯ್ಯುತ್ತಾರೆ’ ಎಂದು ಆಮೇಲೆ ಆ ಗೃಹಸ್ಥನೇ ಹೇಳಿದನಂತೆ. ಇಷ್ಟೇ ಸಾಕ್ಷ್ಯ. ಆ ಗೃಹಸ್ಥ ಯಾರು, ಅವನಿಗೆ ಯಾರು ಹೇಳಿದರು, ಅವನು ಈಗೆಲ್ಲಿ ಎಂಬುದು ಏನೂ ಇಲ್ಲ. ಇದರಿಂದ ನನ್ನ ಮೇಲೆ ಏನು ಸಾಬೀತಾಯಿತು ಎಂದು ರಾಲಿ ಕೇಳಿದ್ದಕ್ಕೆ, ನಿನ್ನ ದ್ರೋಹ ರೆಕ್ಕೆ ಕಟ್ಟಿಕೊಂಡು ಹಾರಿದೆ ಎಂಬುದು ಸಾಬೀತಾಯಿತು ಎಂಬರ್ಥದ ಉತ್ತರ ಕೋಕನಿಂದ ಬಂತು. ಸುದ್ದಿ ದೂರ ಹಬ್ಬಿದೆ ಎಂಬುದೇ ಸುದ್ದಿ ನಿಜವೆಂಬುದಕ್ಕೆ ಪುರಾವೆ! ರಾಲಿಯನ್ನು ವರ್ಷಾನುಗಟ್ಟಲೆ ಲಂಡನ್ ಟವರಿನ ಸೆರೆಯಲ್ಲಿಟ್ಟು, ನಡುವೆ ಚಿನ್ನ ಹುಡುಕಲು ದಕ್ಷಿಣ ಅಮೆರಿಕಕ್ಕೆ ಕಳಿಸಿ, 1618ರಲ್ಲಿ ಅದೇ ಹಳೆಯ ತೀರ್ಪಿನ ಮೇಲೆ ತಲೆ ಕಡಿದರು.

ಸಾಕ್ಷ್ಯ ಕಾನೂನಿನಲ್ಲಿ ‘ಹಿಯರ್‌ಸೇ’ ವಿರುದ್ಧದ ನಿಯಮ ಗಟ್ಟಿಗೊಳ್ಳಲು ಆಮೇಲೂ ಬಹಳ ಕಾಲ ಬೇಕಾಯಿತು. ಹಾಗೆ ಗಟ್ಟಿಗೊಳ್ಳುವಾಗ ವಕೀಲರ ಮನಸ್ಸಿನಲ್ಲಿ ರಾಲಿಯ ಪ್ರಕರಣ ಉಳಿದಿತ್ತು. ಅಮೆರಿಕದ ಸುಪ್ರೀಂ ಕೋರ್ಟು 2004ರಲ್ಲಿ, ಅಂದರೆ ನಾನೂರು ವರ್ಷಗಳ ನಂತರ, ಸಾಕ್ಷಿಯನ್ನು ಮುಖಾಮುಖಿ ಎದುರಿಸುವ ಹಕ್ಕಿನ ಬಗ್ಗೆ ಕೊಟ್ಟ ಕ್ರಾಫರ್ಡ್ ತೀರ್ಪಿನಲ್ಲೂ ರಾಲಿಯ ವಿಚಾರಣೆಯನ್ನು ವಿವರವಾಗಿ ಚರ್ಚಿಸಿತು. ಇದೇ ಚಿಂತನೆ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ ಮೂಲಕ ನಮ್ಮ ತಾಲ್ಲೂಕು ಕೋರ್ಟುಗಳ ಕಟಕಟೆಗೂ ಬಂತು. ಅದರ 60ನೆಯ ಪ್ರಕರಣದ ತಾತ್ಪರ್ಯ ಬಹಳ ಸರಳ. ಕಂಡದ್ದನ್ನು ಕಂಡವನೇ ಬಂದು ಹೇಳಬೇಕು, ಕೇಳಿದ್ದನ್ನು ಕೇಳಿದವನೇ ಬಂದು ಹೇಳಬೇಕು. ಅದೇ ಕಾಯ್ದೆಯ 125ನೆಯ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಇನ್ನೂ ಚೆನ್ನ. ಅಪರಾಧದ ಸುಳಿವು ನಿನಗೆ ಎಲ್ಲಿಂದ ಸಿಕ್ಕಿತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸುವ ಹಾಗಿಲ್ಲ ಎನ್ನುತ್ತದೆ ಅದು. ಬಾತ್ಮೀದಾರನ ಬಾಯಿಗೆ ರಕ್ಷಣೆ ಉಂಟು. ಬಾತ್ಮಿ ಕೇಳಿದ ಸಬ್‌ಇನ್ಸ್‌ಪೆಕ್ಟರನ ಕಿವಿಗೆ ಮರೆಯಿಲ್ಲ. 2024ರ ಜುಲೈ 1ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ‘ಭಾರತೀಯ ಸಾಕ್ಷ್ಯ ಅಧಿನಿಯಮ’ ಎಂಬ ಹೊಸ ಕಾಯ್ದೆ ಬಂದಿದೆ, ತತ್ತ್ವ ಬದಲಾಗಿಲ್ಲ. ಬ್ರಿಟನ್ನಿನಲ್ಲೂ 1981ರ ನ್ಯಾಯಾಂಗ ನಿಂದನೆ ಕಾಯ್ದೆ ಪತ್ರಕರ್ತನ ಮೂಲಕ್ಕೆ ರಕ್ಷಣೆ ಕೊಡುತ್ತದೆ. ಪತ್ರಕರ್ತ ಬರೆದದ್ದಕ್ಕೆ ಮಾತ್ರ ಅವನೇ ಹೊಣೆ.

ಎಷ್ಟರಮಟ್ಟಿಗೆ ಹೊಣೆ ಎಂಬುದು 1958ರ ಡಿಸೆಂಬರಿನ ಒಂದು ಸುದ್ದಿಯಿಂದ ತಿಳಿಯುತ್ತದೆ. ಒಂದು ರಬ್ಬರ್ ಕಂಪನಿಯ ವ್ಯವಹಾರವನ್ನು ಲಂಡನ್ನಿನ ವಂಚನೆ ಪತ್ತೆದಳ ವಿಚಾರಿಸುತ್ತಿದೆಯೆಂದು ಡೈಲಿ ಟೆಲಿಗ್ರಾಫ್, ಡೈಲಿ ಮೇಲ್ ಎರಡೂ ಬರೆದವು. ಕಂಪನಿಯ ಅಧ್ಯಕ್ಷ ಮೊಕದ್ದಮೆ ಹೂಡಿದ. ಜ್ಯೂರಿಗಳು ಭಾರೀ ಪರಿಹಾರ ಘೋಷಿಸಿದರು, ಮೇಲ್ಮನವಿಯಲ್ಲಿ ಅದು ರದ್ದಾಯಿತು, ಕೊನೆಗೆ ವಿಷಯ ಹೌಸ್ ಆಫ್ ಲಾರ್ಡ್ಸ್ ಮುಟ್ಟಿತು. ವಿಚಾರಣೆ ನಡೆದಿದೆ ಎನ್ನುವುದೂ ತಪ್ಪು ಮಾಡಿದ್ದಾನೆ ಎನ್ನುವುದೂ ಒಂದೇ ಅಲ್ಲವೆಂದು ಅಲ್ಲಿ ತೀರ್ಮಾನವಾದದ್ದು ಪತ್ರಿಕೆಗಳಿಗೆ ಸಮಾಧಾನದ ಸಂಗತಿ. ಆದರೆ ಆ ತೀರ್ಪಿನಲ್ಲೇ ಲಾರ್ಡ್ ಡೆವ್ಲಿನ್ ಇನ್ನೊಂದು ಮಾತು ಸೇರಿಸಿದರು. ನನಗೆ ಹೀಗೆ ಹೇಳಿದ್ದಾರೆ ಎಂದೋ ಹೀಗೆಂದು ವದಂತಿಯಿದೆ ಎಂದೋ ಮೊದಲಿಗೆ ಒಂದು ಪೀಠಿಕೆ ಸೇರಿಸಿದ ಮಾತ್ರಕ್ಕೆ ಮಾನಹಾನಿಯಿಂದ ಪಾರಾಗಲಾಗದು. ವದಂತಿಯನ್ನು ಮತ್ತೆ ಹೇಳಿದವನು ಅದನ್ನು ತಾನೇ ಹೇಳಿದಂತೆ. ಅರವತ್ತು ವರ್ಷ ಕಳೆದರೂ ಈ ನಿಯಮದ ತಳಪಾಯ ಅಲ್ಲಾಡಿಲ್ಲ. ಸಾರ್ವಜನಿಕ ಹಿತದ ಸುದ್ದಿಗೆ, ಎರಡು ಪಕ್ಷದವರ ಜಗಳವನ್ನು ಪಕ್ಷಪಾತವಿಲ್ಲದೆ ವರದಿ ಮಾಡಿದ್ದಕ್ಕೆ ಒಂದಿಷ್ಟು ರಿಯಾಯಿತಿ ಸಿಕ್ಕಿದೆ ಅಷ್ಟೆ. ಆದರೂ ‘ಅಲೆಜೆಡ್ಲಿ’ ಎಂದು ಸೇರಿಸಿದರೆ ಕೋರ್ಟು ಮುಟ್ಟುವುದಿಲ್ಲ ಎಂಬ ನಂಬಿಕೆ ಇಂಗ್ಲಿಷ್ ಲೋಕದಲ್ಲಿ ತಾಯತದ ಹಾಗೆ ಉಳಿದಿದೆ. ಬಿಬಿಸಿಯ ‘ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯು’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಯಾರ ಮೇಲಾದರೂ ಭಯಂಕರ ಆರೋಪ ಹೊರಿಸಿ, ಕ್ಷಣ ತಡೆದು, ‘ಅಲೆಜೆಡ್ಲಿ’ ಎಂದು ಗಂಭೀರವಾಗಿ ಸೇರಿಸುವುದು ಹಳೆಯ ತಮಾಷೆ. ಜನ ನಗುತ್ತಾರೆ. ಆ ತಾಯತ ಕೆಲಸ ಮಾಡುವುದಿಲ್ಲವೆಂದು ಗೊತ್ತಿದ್ದೇ ನಗುತ್ತಾರೆ ಎಂದು ನನ್ನ ಗುಮಾನಿ.

ಹಾಗೆಂದು ಆ ಪದವನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. 2010ರ ಕೊನೆಯಲ್ಲಿ ಬ್ರಿಸ್ಟಲ್ ನಗರದಲ್ಲಿ ಒಂದು ಕೊಲೆಯಾಗಿ, ಪೊಲೀಸರು ಮೊದಲು ಹಿಡಿದದ್ದು ಸತ್ತವಳ ಮನೆಯ ಮಾಲೀಕನಾದ ನಿವೃತ್ತ ಮೇಷ್ಟ್ರನ್ನು. ಆತನ ತಲೆಗೂದಲು, ಓದುತ್ತಿದ್ದ ಪದ್ಯ, ಪಾಠ ಹೇಳುತ್ತಿದ್ದ ರೀತಿ ಎಲ್ಲವೂ ಪತ್ರಿಕೆಗಳಿಗೆ ಪುರಾವೆಯಾಗಿ ಕಂಡವು. ಆತ ಯಾವ ತಪ್ಪನ್ನೂ ಮಾಡಿರಲಿಲ್ಲ, ಕೊಲೆಗಾರ ಬೇರೊಬ್ಬ. ಮುಂದಿನ ವರ್ಷ ಎಂಟು ಪತ್ರಿಕೆಗಳು ಆತನಿಗೆ ಪರಿಹಾರ ಕೊಟ್ಟವು. ಎರಡು ಪತ್ರಿಕೆಗಳಿಗೆ ನ್ಯಾಯಾಂಗ ನಿಂದನೆಗಾಗಿ ದಂಡವೂ ಬಿತ್ತು. ತೀರ್ಪು ಬರುವವರೆಗೆ ಆರೋಪಿಯನ್ನು ಆರೋಪಿ ಎಂದೇ ಕರೆಯುವುದು ಸಭ್ಯತೆ. ಇನ್ನು ಹೋಮರ್ ಕುರುಡನಾಗಿದ್ದನೆಂದು ಹೇಳುವಾಗ ‘ಈಸ್ ಸೆಡ್ ಟು’ ಎನ್ನದೆ ಬೇರೆ ಗತಿಯಿಲ್ಲ. ಹೇಳಿದ ಬಾಯಿ ಎಂದೋ ಮಣ್ಣಾಗಿದೆ. ಕೇಳಿದ ಕಿವಿ ನಮ್ಮೆಲ್ಲರದು.

ಕಳ್ಳಾಟ ಶುರುವಾಗುವುದು ಬಾಯಿ ಪಕ್ಕದ ಕೋಣೆಯಲ್ಲೇ ಇದ್ದಾಗ. ವೆಸ್ಟ್‌ಮಿನ್‌ಸ್ಟರಿನ ರಾಜಕೀಯ ವರದಿಗಾರರಿಗೆ ‘ಲಾಬಿ’ ಎಂಬ ಏರ್ಪಾಡಿದೆ. ಪಾರ್ಲಿಮೆಂಟಿನ ಮೊಗಸಾಲೆಗೆ ಪ್ರವೇಶವಿರುವ ಪತ್ರಕರ್ತರ ಪಟ್ಟಿ ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದ್ದು. ಪ್ರಧಾನಿಯ ಪತ್ರಿಕಾ ಕಾರ್ಯದರ್ಶಿ ಇವರೊಡನೆ ದಿನವೂ ಮಾತಾಡುತ್ತಿದ್ದ. ಷರತ್ತು ಒಂದೇ, ಹೇಳಿದ್ದು ತಾನೆಂದು ಬರೆಯಕೂಡದು. ಆಗ ‘ಇಟ್ ಈಸ್ ಅಂಡರ್‌ಸ್ಟುಡ್ ದಟ್’ ಎಂಬ ಪ್ರಯೋಗ ಕೈಹಿಡಿಯಿತು. ಪ್ರಧಾನಿಗೆ ಅಸಮಾಧಾನವಾಗಿದೆಯೆಂದು ‘ತಿಳಿಯಲಾಗಿದೆ’ ಎಂದರೆ ಯಾರೋ ದಾರಿಹೋಕನಿಂದ ತಿಳಿದದ್ದಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಪ್ರಧಾನಿಯ ಮನುಷ್ಯನೇ ಹೇಳಿದ್ದು. 1986ರಲ್ಲಿ ಮಾರ್ಗರೆಟ್ ಥ್ಯಾಚರ್ ಸಂಪುಟದ ಜಾನ್ ಬಿಫನ್ ಟಿವಿಯಲ್ಲಿ ತುಸು ಸ್ವತಂತ್ರವಾಗಿ ಮಾತಾಡಿದರು. ಮರುದಿನ ಕಾರ್ಯದರ್ಶಿ ಬರ್ನಾರ್ಡ್ ಇಂಗಮ್ ಲಾಬಿಯವರ ಮುಂದೆ, ಆ ಮಂತ್ರಿ ಸರ್ಕಾರಕ್ಕೆ ಅರ್ಧ ಮಾತ್ರ ಅಂಟಿಕೊಂಡವರು ಎಂದು ಬಿಟ್ಟರು. ಪತ್ರಿಕೆಗಳಲ್ಲಿ ಅದು ಹೇಳಿದವರ ಹೆಸರಿಲ್ಲದೆ, ಸರ್ಕಾರದ ಒಳಮನೆಯ ಅಭಿಪ್ರಾಯವೆಂಬಂತೆ ಬಂತು. ಮರುವರ್ಷ ಬಿಫನ್ ಮಂತ್ರಿಯಾಗಿ ಉಳಿದಿರಲಿಲ್ಲ. ಆ 1986ರಲ್ಲೇ ಹುಟ್ಟಿದ ದಿ ಇಂಡಿಪೆಂಡೆಂಟ್ ಪತ್ರಿಕೆ ಈ ಆಟಕ್ಕೆ ಬರುವುದಿಲ್ಲವೆಂದು ಹೊರಗುಳಿಯಿತು. ಇಲ್ಲಿ ಓದುಗನಿಗೆ ಸಿಗುವುದು ವದಂತಿಯ ವೇಷ ತೊಟ್ಟ ಅಧಿಕೃತ ಹೇಳಿಕೆ. ವದಂತಿಯನ್ನು ಸುದ್ದಿ ಮಾಡುವುದಕ್ಕಿಂತ ಸುದ್ದಿಯನ್ನು ವದಂತಿ ಮಾಡುವುದು ಇನ್ನೂ ಚತುರ ಕಲೆ. ಆ ಮಟ್ಟಿಗೆ ಈಗ ಬಿಬಿಸಿಯವರು ಬಳಸುವ ‘ದ ಬಿಬಿಸಿ ಅಂಡರ್‌ಸ್ಟ್ಯಾಂಡ್ಸ್’ ವಾಸಿ. ಬಾಯಿ ಅಡಗಿದ್ದರೂ ಕಿವಿಯಾದರೂ ತನ್ನ ಹೆಸರು ಹೇಳಿಕೊಂಡಿದೆ.

ಗುರುತನ್ನು ಕಿತ್ತುಹಾಕುವ ಸೌಕರ್ಯದ ಮಾತೆತ್ತಿದ್ದೆ. ಇರಾಕಿನ ಬಗ್ಗೆ ಬ್ರಿಟಿಷ್ ಸರ್ಕಾರ 2002ರ ಸೆಪ್ಟೆಂಬರ್ 24ರಂದು ಹೊರತಂದ ದಸ್ತಾವೇಜು ಅದಕ್ಕೆ ಉದಾಹರಣೆ. ಆಜ್ಞೆಯಾದ ನಲವತ್ತೈದು ನಿಮಿಷಗಳಲ್ಲಿ ಸದ್ದಾಂ ಹುಸೇನನ ಸೇನೆ ರಾಸಾಯನಿಕ, ಜೈವಿಕ ಅಸ್ತ್ರಗಳನ್ನು ಬಳಕೆಗೆ ಅಣಿಮಾಡಬಲ್ಲದೆಂಬ ಮಾತು ಅದರಲ್ಲಿ ನಾಲ್ಕು ಕಡೆ ಬರುತ್ತದೆ. ಒಳಗಿನ ಅಧ್ಯಾಯದ ಕರಡಿನಲ್ಲಿ ಅಣಿಮಾಡ ‘ಬಹುದು’ ಎಂದಿತ್ತು. ಸಾರಾಂಶದಲ್ಲಿರುವುದಕ್ಕಿಂತ ಇದು ದುರ್ಬಲವಾಗಿದೆಯಲ್ಲ ಎಂದು ಪ್ರಧಾನಿ ಕಚೇರಿಯ ಅಲಸ್ಟರ್ ಕ್ಯಾಂಬೆಲ್ ಟಿಪ್ಪಣಿ ಬರೆದರು. ಗುಪ್ತಚರ ಸಮಿತಿಯ ಅಧ್ಯಕ್ಷರು ಭಾಷೆಯನ್ನು ಬಿಗಿಗೊಳಿಸಿದ್ದೇವೆಂದು ಉತ್ತರಿಸಿದರು. ‘ಬಹುದು’ ಹೋಗಿ ‘ಬಲ್ಲದು’ ಬಂತು. ಲಂಡನ್ನಿನ ಸಂಜೆ ಪತ್ರಿಕೆಯಲ್ಲಿ ಅದೇ ದಿನ ದಪ್ಪಕ್ಷರದಲ್ಲಿ ನಲವತ್ತೈದು ನಿಮಿಷ. ಇರಾಕಿನ ಮೇಲೆ ದಾಳಿ ನಡೆದ ಮೇಲೆ ಹಟನ್ ವಿಚಾರಣೆ, ಬಟ್ಲರ್ ಸಮಿತಿ ಕೂತು ಜಾಡು ಹಿಡಿದಾಗ ತಿಳಿದದ್ದು: ಮಾಹಿತಿ ಒಂದೇ ಮೂಲದ್ದು, ಆ ಮೂಲವೂ ಇನ್ನೊಬ್ಬನಿಂದ ಕೇಳಿದ್ದನ್ನು ದಾಟಿಸಿತ್ತು, ಮಾತು ಕಾಳಗದ ಮೈದಾನದಲ್ಲಿ ಬಳಸುವ ಸಣ್ಣ ಆಯುಧಗಳದ್ದೇ ಹೊರತು ದೂರ ಹಾರುವ ಕ್ಷಿಪಣಿಗಳದ್ದಲ್ಲ. 2004ರಲ್ಲಿ ಗುಪ್ತಚರರು ಆ ಮಾಹಿತಿಯನ್ನು ಹಿಂದಕ್ಕೆ ಪಡೆದರು. ಬಾಗ್ದಾದಿನ ಯಾವುದೋ ಅಧಿಕಾರಿಯ ‘ಅಂತೆ’ ಲಂಡನ್ನಿನ ಮೇಜಿನಿಂದ ಮೇಜಿಗೆ ಹೋಗುತ್ತ ಒಂದೊಂದು ಕಡೆ ಒಂದೊಂದು ಗುರುತನ್ನು ಕಳೆದುಕೊಂಡು ಪಾರ್ಲಿಮೆಂಟಿಗೆ ‘ಇದೆ’ ಆಗಿ ಬಂತು. ತುಯುಕಾ ಭಾಷೆಯಲ್ಲಿ ದಸ್ತಾವೇಜು ಬರೆದಿದ್ದರೆ ಏನಾಗುತ್ತಿತ್ತು ಎಂದು ನಾನು ಒಮ್ಮೊಮ್ಮೆ ಯೋಚಿಸುವುದುಂಟು. ಸುಳ್ಳು ಹೇಳುವವರು ಆ ಭಾಷೆಯಲ್ಲೂ ಇದ್ದಾರು. ಆದರೆ ಬೇಕೆಂದೇ ತಪ್ಪು ಪ್ರತ್ಯಯ ಹಚ್ಚಬೇಕಾಗುತ್ತಿತ್ತು. ಇಲ್ಲಿ ಯಾರೂ ಏನನ್ನೂ ಹಚ್ಚಲಿಲ್ಲ, ಬಿಟ್ಟರು ಅಷ್ಟೆ.

ಬರೆದವನು ಗುರುತನ್ನು ಉಳಿಸಿದರೂ ಓದಿದವನ ತಲೆಯಲ್ಲಿ ಅದು ಉಳಿಯುತ್ತದೆಂಬ ಭರವಸೆಯಿಲ್ಲ. ಯೇಲ್ ವಿಶ್ವವಿದ್ಯಾಲಯದ ಹೊವ್ಲಂಡ್ ಮತ್ತು ವೈಸ್ 1951ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಅಣುಶಕ್ತಿಯ ಜಲಾಂತರ್ಗಾಮಿ ಸಾಧ್ಯವೇ ಎಂಬ ಬಗೆಯ ಬರಹಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ಕೆಲವರಿಗೆ ಅದು ವಿಜ್ಞಾನಿ ಆಪನ್‌ಹೈಮರ್ ಹೇಳಿದ್ದೆಂದು, ಇನ್ನು ಕೆಲವರಿಗೆ ಸೋವಿಯತ್ ಪತ್ರಿಕೆ ಪ್ರಾವ್ದಾ ಬರೆದದ್ದೆಂದು. ಓದಿದ ಕೂಡಲೇ ಆಪನ್‌ಹೈಮರ್ ಗುಂಪಿನವರು ನಂಬಿದಷ್ಟು ಪ್ರಾವ್ದಾದವರು ನಂಬಲಿಲ್ಲ. ನಾಲ್ಕು ವಾರ ಬಿಟ್ಟು ಕೇಳಿದರೆ ಎರಡು ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು. ವಿಷಯ ತಲೆಯಲ್ಲಿ ನಿಂತಿತು, ಯಾರು ಹೇಳಿದರೆಂಬುದು ಅದರಿಂದ ಕಳಚಿಕೊಂಡಿತು. ಹೆಸರಿದ್ದ ಮೂಲಗಳ ಪಾಡೇ ಇದಾದರೆ, ಬಾಯಿ ಕಿವಿ ಎರಡೂ ಇಲ್ಲದ ‘ರಿಪೋರ್ಟೆಡ್ಲಿ’ ಎಷ್ಟು ದಿನ ಬಾಳೀತು?

ಇಷ್ಟೆಲ್ಲ ಕೇಳಿದವರು ಜಾರ್ಜ್ ಆರ್ವೆಲ್ಲನನ್ನು ನೆನೆಯುತ್ತಾರೆ. ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಬಗ್ಗೆ 1946ರಲ್ಲಿ ಅವನು ಬರೆದ ಪ್ರಬಂಧ ನಮ್ಮ ಇಂಗ್ಲಿಷ್ ಎಂಎ ತರಗತಿಗಳಲ್ಲಿ ವೇದವಾಕ್ಯವಾಗಿತ್ತು. ಕರ್ತರಿ ಸಾಧ್ಯವಿರುವ ಕಡೆ ಕರ್ಮಣಿ ಬಳಸಬೇಡ ಎಂಬುದು ಅದರ ನಿಯಮಗಳಲ್ಲಿ ಒಂದು. ಆ ಪ್ರಬಂಧದ ಮೊದಲ ವಾಕ್ಯದಲ್ಲೇ ಒಂದು ‘ಇಟ್ ಈಸ್ ಜನರಲಿ ಅಸ್ಯೂಮ್ಡ್’ ಕೂತಿದೆ. ಯಾರು ಹಾಗೆ ಭಾವಿಸಿದ್ದಾರೆಂದು ಆರ್ವೆಲ್ ಹೇಳುವುದಿಲ್ಲ. ಒಂದು ಅಮೆರಿಕನ್ ಪ್ರಯೋಗಕೋಶದ ಸಂ‍ಪಾದಕರು ಕೂತು ಎಣಿಸಿ, ಪ್ರಬಂಧದ ಐದರಲ್ಲೊಂದು ಭಾಗ ಕರ್ಮಣಿಯೇ ಎಂದು ತೋರಿಸಿದ್ದಾರೆ. ಭಾಷಾಶಾಸ್ತ್ರಜ್ಞ ಜೆಫ್ರಿ ಪುಲ್ಲಮ್ ಕರ್ಮಣಿಯ ಮೇಲಿನ ಈ ಕಾರಣವಿಲ್ಲದ ಭಯವನ್ನು ಪುಟಗಟ್ಟಲೆ ಗೇಲಿ ಮಾಡಿದ್ದಾರೆ. ಆರ್ವೆಲ್ಲನ ರೋಗನಿದಾನ ಸರಿ, ರೋಗವಿರುವ ಅಂಗವನ್ನು ತೋರಿಸುವಾಗ ಬೆರಳು ಜಾರಿತು ಎಂಬುದು ನನ್ನ ಎಣಿಕೆ. ‘ಐ ಆಮ್ ಟೋಲ್ಡ್’ ಕರ್ಮಣಿಯಾಗಿಯೂ ಪ್ರಾಮಾಣಿಕ. ‘ಎಕ್ಸ್‌ಪರ್ಟ್ಸ್ ಬಿಲೀವ್’ ಎಂಬುದು ಅಪ್ಪಟ ಕರ್ತರಿಯಾಗಿಯೂ ಪೊಳ್ಳು.

ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಬಂದ ಏಜೆನ್ಸಿ ಕಾಪಿಯನ್ನು ರಾತ್ರಿ ಪಾಳಿಯಲ್ಲಿ ಕನ್ನಡಿಸುವ ಡೆಸ್ಕು ಈ ಪ್ರಯೋಗಗಳಿಗೆ ಒಂದು ಸಿದ್ಧ ದಾಸ್ತಾನು ಮಾಡಿಕೊಂಡಿದೆ: ಎನ್ನಲಾಗಿದೆ, ಹೇಳಲಾಗುತ್ತಿದೆ, ಶಂಕಿಸಲಾಗಿದೆ, ಎಂದು ತಿಳಿದುಬಂದಿದೆ. ‘ಅಂತೆ’ ಅಲ್ಲಿ ಕಾಲಿಡುವಂತಿಲ್ಲ. ಅದು ಕಟ್ಟೆಯ ಮಾತು, ಪತ್ರಿಕೆಯ ಭಾಷೆಯಲ್ಲ ಎಂಬ ಅಲಿಖಿತ ಕಟ್ಟಳೆ. ಕಿವಿಯನ್ನು ತೋರಿಸುವ ರೂಪ ನಮ್ಮಲ್ಲಿ ಸಹಜವಾಗಿದ್ದೂ ಕಿವಿಯಿಲ್ಲದ ರೂಪವನ್ನು ಘನತೆಯ ಹೆಸರಿನಲ್ಲಿ ತಂದಿಟ್ಟುಕೊಂಡೆವು. ಅದಕ್ಕಿಂತ ನನ್ನನ್ನು ಕಾಡುವುದು ‘ತಿಳಿದುಬಂದಿದೆ’. ‘ಎನ್ನಲಾಗಿದೆ’ ಎಂದರೆ ನಿಜವಿರಬಹುದು, ಇಲ್ಲದಿರಬಹುದು. ‘ತಿಳಿದುಬಂದಿದೆ’ ಎಂದಾಗ ನಿಜವೆಂದು ಒಪ್ಪಿಕೊಂಡಂತಾಯಿತು. ಸುಳ್ಳನ್ನು ಯಾರೂ ‘ತಿಳಿಯುವುದಿಲ್ಲ’. ಇಂಗ್ಲಿಷಿನ ‘ಅಲೆಜೆಡ್’, ‘ಅಂಡರ್‌ಸ್ಟುಡ್’, ‘ರಿಪೋರ್ಟೆಡ್’ ಮೂರೂ ಗಡಿಬಿಡಿಯಲ್ಲಿ ಈ ಒಂದೇ ಚೀಲಕ್ಕೆ ಬೀಳುವುದನ್ನು ಯಾವ ಜಿಲ್ಲಾ ಪುಟ ತೆರೆದರೂ ನೋಡಬಹುದು. ಟಿವಿಯವರು ಇನ್ನೂ ಮುಂದೆ ಹೋಗಿ ‘ಎನ್ನಲಾಗ್ತಿದೆಯಂತೆ’ ಎನ್ನುವುದನ್ನೂ ಕೇಳಿದ್ದೇನೆ. ಅದರ ಮೇಲೆ ನನಗೆ ಕೋಪವಿಲ್ಲ. ಆಮದು ಮಾಡಿಕೊಂಡ ಪ್ರಯೋಗದಲ್ಲಿ ಏನೋ ಕೊರತೆಯಿದೆ ಎಂದು ನಾಲಗೆಗೆ ಅನ್ನಿಸಿ, ತನ್ನದನ್ನು ತಾನೇ ಸೇರಿಸಿಕೊಂಡಂತೆ ಕಾಣುತ್ತದೆ.

ಸರ್ಕಾರಿ ಕಡತದ ಕನ್ನಡಕ್ಕೂ ಇದೇ ಚಾಳಿ. ‘ಸ್ಥಳ ಪರಿಶೀಲನೆ ನಡೆಸಲಾಗಿ, ಒತ್ತುವರಿಯಾಗಿರುವುದು ಕಂಡುಬಂದಿರುತ್ತದೆ.’ ಯಾರು ಹೋದರು, ಯಾರಿಗೆ ಕಂಡಿತು? ಆದರೆ ಅದೇ ತಾಲ್ಲೂಕಿನ ಪೊಲೀಸ್ ಠಾಣೆಯಲ್ಲಿ ಮಹಜರು ಬರೆಯುವಾಗ ಭಾಷೆ ಬೇರೆಯೇ ಆಗುತ್ತದೆ. ‘ಈ ಕೆಳಗೆ ಸಹಿ ಮಾಡಿರುವ ಪಂಚರಾದ ನಾವು’ ಎಂದು ಶುರು. ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ವಾಸ. ಕರೆಸಿದವರು ಯಾರು, ಎಷ್ಟು ಗಂಟೆಗೆ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ರಸ್ತೆ, ತಮ್ಮ ಸಮಕ್ಷಮ ಯಾವ ವಸ್ತುವನ್ನು ಅಮಾನತು ಮಾಡಿದರು. ಕೊನೆಗೆ ಪ್ರತಿಯೊಬ್ಬನ ರುಜು ಅಥವಾ ಹೆಬ್ಬೆಟ್ಟು. ನ್ಯಾಯಾಲಯದಲ್ಲಿ ಪಂಚ ತಿರುಗಿಬೀಳುವುದುಂಟು, ಹಾಳೆಯಲ್ಲಿ ಏನಿತ್ತೋ ಓದದೆ ರುಜು ಹಾಕಿದೆ ಎನ್ನುವುದುಂಟು. ಹಾಗೆ ತಿರುಗಿಬೀಳಲಿಕ್ಕಾದರೂ ಅಲ್ಲಿ ಒಬ್ಬ ಮನುಷ್ಯ ಇರುತ್ತಾನೆ, ವಕೀಲ ಅವನನ್ನು ನಿಲ್ಲಿಸಿಕೊಂಡು ಪಾಟಿ ಸವಾಲು ಮಾಡಬಹುದು. ಆ ಮಹಜರನ್ನು ಬರೆದು ಮುಗಿಸಿದ ರೈಟರೇ ಸಂಜೆ ಪತ್ರಿಕೆಗಳಿಗೆ ಕಳಿಸುವ ಪ್ರಕಟಣೆಯನ್ನೂ ಬರೆಯುತ್ತಾನೆ. ‘ಹಳೆಯ ದ್ವೇಷವೇ ಘಟನೆಗೆ ಕಾರಣ ಎನ್ನಲಾಗಿದೆ’ ಎಂಬ ಸಾಲು ಅದರಲ್ಲಿರುತ್ತದೆ. ಬೆಳಿಗ್ಗೆಯ ಮಹಜರಿನ ಹಾಳೆಯಲ್ಲಿ ಆ ದ್ವೇಷದ ಸುದ್ದಿ ಎಲ್ಲೂ ಇರುವುದಿಲ್ಲ, ಏಕೆಂದರೆ ಅದಕ್ಕೆ ರುಜು ಹಾಕಲು ಯಾರೂ ಸಿಕ್ಕಿರುವುದಿಲ್ಲ.